ಜಪಾನಿನ ಕೈಕೆಲಸದ ಚಾಕು: ಉಕ್ಕಿನ ಹೆಸರು ಆಮೇಲೆ ಕೇಳಿ

"ಮುಂದಿನ ತಿಂಗಳು ಟೋಕಿಯೋಗೆ ಹೋಗ್ತಿದ್ದೇನೆ, ಒಂದು ಒಳ್ಳೆ ಚಾಕು ತರಬೇಕು. ವಿಜಿ-10 ತಗೊಳ್ಳಲೋ, ಅಓಗಾಮಿ ತಗೊಳ್ಳಲೋ?" ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಎರಡೂ ಚಾಕುವಿನ ಉಕ್ಕಿನ ಹೆಸರುಗಳು. ಕೇಳುವವರಲ್ಲಿ ಕೆಲವರು ಕಂಪನಿ ಕೆಲಸಕ್ಕೆಂದು ಜಪಾನಿಗೆ ಹೊರಟವರು, ಕೆಲವರು ಬೇರೆ ದೇಶದಲ್ಲಿದ್ದು ಆನ್‌ಲೈನ್‌ನಲ್ಲಿ ತರಿಸುವವರು. ಎಲ್ಲರೂ ಶುರು ಮಾಡುವುದು ಉಕ್ಕಿನಿಂದಲೇ. ಅಲ್ಲೇ ಎಡವುವುದು.

ತರಕಾರಿಯೊಳಗೆ ಸಲೀಸಾಗಿ ಇಳಿಯುವ ಗುಣ ಬರುವುದು ಅಲಗಿನ ಆಕಾರ ಮತ್ತು ತೆಳುವಿನಿಂದ. ಆ ಹರಿತ ಎಷ್ಟು ದಿನ ಉಳಿಯುತ್ತದೆ, ಮಸೆಯುವುದು ಎಷ್ಟು ಸುಲಭ, ತುಕ್ಕು ಹಿಡಿಯುತ್ತದೋ ಇಲ್ಲವೋ ಅನ್ನುವುದಷ್ಟೇ ಉಕ್ಕಿನ ಪಾಲು. ದಪ್ಪ ಅಲಗಿಗೆ ಎಂಥ ದುಬಾರಿ ಉಕ್ಕು ಹಾಕಿದರೂ ಕ್ಯಾರೆಟ್ "ಟಕ್" ಎಂದು ಸೀಳಿಹೋಗುತ್ತದೆಯೇ ಹೊರತು ಹೋಳಾಗುವುದಿಲ್ಲ. ಅದಕ್ಕೇ ಇಲ್ಲಿ ನಾನು ಹೇಳುವ ಕ್ರಮ ಬೇರೆ: ಮೊದಲು ನಿಮ್ಮ ಕೈ, ಆಮೇಲೆ ಆಕಾರ, ಆಮೇಲೆ ದಪ್ಪ, ಅದಾದ ಮೇಲೆ ಉಕ್ಕು.

ಬೇಕಾಗುವ ಸಾಮಾನು, ತಿಳಿದಿರಬೇಕಾದ ಪದಗಳು

ಒಂದು ಅಳತೆಪಟ್ಟಿ, ಅಡುಗೆಮನೆಯ ತೂಕದ ಯಂತ್ರ, ನಿಜವಾಗಿಯೂ ಸಮತಟ್ಟಾಗಿರುವ ಮರದ ಮಣೆ, ಮೊಬೈಲಿನ ಟಾರ್ಚ್. ಜೊತೆಗೆ ನಿಮ್ಮ ಮನೆಯ ಈಗಿನ ಚಾಕು, ಯಾಕೆಂದರೆ ಹೋಲಿಕೆ ಶುರುವಾಗುವುದು ಅದರಿಂದ.

ಪದಗಳ ವಿಚಾರದಲ್ಲಿ ಗೊಂದಲ ಬೇಡ. ಇಡೀ ಲೋಹದ ಭಾಗಕ್ಕೆ ಅಲಗು ಎನ್ನುತ್ತೇನೆ. ಕತ್ತರಿಸುವ ಅಂಚು ಬಾಯಿ. ಅದರ ಎದುರಿನ ದಪ್ಪ ಮೇಲಂಚು ಬೆನ್ನು. ಹಿಡಿಯ ಹತ್ತಿರ ಬಾಯಿ ಮುಗಿಯುವ ಮೂಲೆ ಹಿಮ್ಮಡಿ.

ಇನ್ನು "ಕೈಕೆಲಸ". ಜಪಾನಿಯಲ್ಲಿ ಇದಕ್ಕೆ ಉಚಿಹಾಮೊನೊ ಎಂಬ ಮಾತಿದೆ. ಬಡಿದು ಮಾಡಿದ ಅಲಗು ಎಂದರ್ಥ. ಕಮ್ಮಾರ ಒಬ್ಬನೇ ಕೂತು ಬರಿ ಸುತ್ತಿಗೆಯಲ್ಲಿ ಬಡಿಯುತ್ತಾನೆ ಎಂದು ಕಲ್ಪಿಸಿಕೊಳ್ಳಬೇಡಿ. ಹೆಚ್ಚಿನ ಕುಲುಮೆಗಳಲ್ಲಿ ವಿದ್ಯುತ್ ಸುತ್ತಿಗೆ ಇರುತ್ತದೆ. ಮೊದಲೇ ಪದರ ಕೂಡಿಸಿದ ಉಕ್ಕಿನ ಪಟ್ಟಿ ತಂದು ಬಡಿಯುವವರೂ ಇದ್ದಾರೆ, ಕಬ್ಬಿಣ ಮತ್ತು ಉಕ್ಕನ್ನು ತಾವೇ ಬೆಸೆಯುವವರೂ ಇದ್ದಾರೆ. ಎರಡರಲ್ಲೂ ಒಳ್ಳೆಯ ಚಾಕು ಬರುತ್ತದೆ. ಅಂಗಡಿಯವರು "ಸಮುರಾಯ್ ಕತ್ತಿ ಮಾಡಿದ ವಂಶ" ಎಂದು ಶುರು ಮಾಡಿದರೆ ನಕ್ಕು ಮುಂದೆ ಹೋಗಿ. 1876ರಲ್ಲಿ ಕತ್ತಿ ಧರಿಸಿ ಓಡಾಡುವುದನ್ನು ಸರ್ಕಾರ ನಿಷೇಧಿಸಿದಾಗ ಕತ್ತಿ ಕಮ್ಮಾರರು ಬೇರೆ ಕೆಲಸಕ್ಕೆ ತಿರುಗಿದ್ದು ನಿಜ. ಆದರೆ ಒಸಾಕಾ ಪ್ರಾಂತ್ಯದ ಸಾಕಾಯ್ ಊರಿಗೆ ಚಾಕುವಿನ ಹೆಸರು ತಂದುಕೊಟ್ಟಿದ್ದು ಅದಕ್ಕೂ ಎಷ್ಟೋ ಮೊದಲಿನ ಹೊಗೆಸೊಪ್ಪು ಹೆಚ್ಚುವ ಕತ್ತಿಗಳು.

1. ನಿಮ್ಮ ಕೈ ಹೇಗೆ ಆಡುತ್ತದೆ ಎಂದು ನೋಡಿಕೊಳ್ಳಿ

ಮೊಬೈಲನ್ನು ಡಬ್ಬಕ್ಕೆ ಒರಗಿಸಿಟ್ಟು, ಹುರುಳಿಕಾಯಿ, ಈರುಳ್ಳಿ, ಕೊತ್ತಂಬರಿ ಹೆಚ್ಚುವುದನ್ನು ಎರಡು ನಿಮಿಷ ವಿಡಿಯೊ ಮಾಡಿ. ನೋಡಿದಾಗ ಈ ಮೂರರಲ್ಲಿ ಒಂದು ಕಾಣುತ್ತದೆ:

ತುದಿ ಮಣೆಯ ಮೇಲೇ ಇದ್ದು ಹಿಡಿ ಮಾತ್ರ ಮೇಲೆ ಕೆಳಗೆ ಆಡುತ್ತಿದ್ದರೆ ಅದು ತೂಗುವ ಕೈ. ಇಡೀ ಅಲಗು ಮುಂದಕ್ಕೆ ಸರಿಯುತ್ತಾ ಇಳಿಯುತ್ತಿದ್ದರೆ ತಳ್ಳುವ ಕೈ. ನೇರ ಮೇಲಿಂದ ಕೆಳಕ್ಕೆ ಬೀಳುತ್ತಿದ್ದರೆ ಇಳಿಸುವ ಕೈ.

ಈಳಿಗೆ ಮಣೆಯಲ್ಲಿ ಬೆಳೆದವರಿಗೆ ಒಂದು ಮಾತು. ಅಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಮುಂದಕ್ಕೆ ಹೋಗುತ್ತದೆ. ಅಂದರೆ ನಿಮ್ಮ ಕೈಗೆ ಒತ್ತಿ ಜಾರಿಸುವ ಲೆಕ್ಕ ಮೊದಲೇ ಗೊತ್ತು. ಚಾಕುವಿನಲ್ಲಿ ಅದೇ ತಳ್ಳುವ ಚಲನೆಯಾಗಿ ಬೇಗ ಕೂರುತ್ತದೆ. ಟಿ.ವಿ.ಯಲ್ಲಿ ನೋಡಿದಂತೆ ತೂಗುವುದನ್ನು ಬಲವಂತವಾಗಿ ಕಲಿಯಬೇಕಿಲ್ಲ. ಜಪಾನಿನ ಗಟ್ಟಿ ಅಲಗುಗಳಿಗೂ ತಳ್ಳುವ ಕೈಯೇ ಹಿತ.

2. ಆಕಾರ: ಬಾಯಿಯ ಗೆರೆ ನೋಡಿ

ಆಕಾರ ಎಂದರೆ ಪಕ್ಕದಿಂದ ನೋಡಿದಾಗ ಕಾಣುವ ರೂಪ. ಮುಖ್ಯವಾದುದು ಬಾಯಿಯ ಗೆರೆ: ಎಷ್ಟು ದೂರ ಚಪ್ಪಟೆ, ಎಲ್ಲಿಂದ ಬಾಗು. ಚಾಕುವನ್ನು ಮಣೆಯ ಮೇಲೆ ನೇರ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಾಕಿ. ಬೆಳಕು ತೂರದ ಭಾಗವೇ ಚಪ್ಪಟೆ ಭಾಗ. ಅಲಗನ್ನು ನಿಧಾನವಾಗಿ ತುದಿಯ ಕಡೆಗೆ ಉರುಳಿಸಿ ನೋಡಿ, ಎಲ್ಲೂ ಗಕ್ಕೆಂದು ನಿಲ್ಲಬಾರದು. ನಡುವೆ ಎಲ್ಲಾದರೂ ಬೆಳಕು ಇಣುಕಿದರೆ ಅಲ್ಲಿ ಬಾಯಿ ಒಳಗೆ ಸವೆದಿದೆ ಎಂದರ್ಥ. ಅಂಥ ಚಾಕುವಿನಲ್ಲಿ ಬೆಂಡೆಕಾಯಿ ಹೆಚ್ಚಿದರೆ ಹೋಳುಗಳು ಮಾಲೆಯ ಹಾಗೆ ಒಂದಕ್ಕೊಂದು ತಗಲಿಕೊಂಡೇ ಇರುತ್ತವೆ.

ಮನೆಗೆ ಬೇಕಾಗುವ ಆಕಾರಗಳು ಹೆಚ್ಚೇನಿಲ್ಲ.

*ಗ್ಯೂತೋ*: ಹೆಸರಿನ ಅರ್ಥ ದನದ ಮಾಂಸದ ಕತ್ತಿ. ಮೇಜಿ ಕಾಲದಲ್ಲಿ (1868-1912) ಪಾಶ್ಚಾತ್ಯ ಊಟದ ಜೊತೆ ಜಪಾನಿಗೆ ಬಂದ ಆಕಾರ ಇದು. ಹೆಸರು ಕೇಳಿ ಸಸ್ಯಾಹಾರಿಗಳು ಹಿಂಜರಿಯಬೇಕಿಲ್ಲ, ಈಗ ಅದು ಎಲ್ಲಕ್ಕೂ ಬಳಸುವ ಚಾಕು. ಹಿಮ್ಮಡಿಯ ಕಡೆ ಚಪ್ಪಟೆ, ತುದಿಯ ಕಡೆ ಬಾಗು, ಚೂಪಾದ ಮೊನೆ. ಉದ್ದ 210 ಅಥವಾ 240 ಮಿ.ಮೀ. ಸಾಮಾನ್ಯ. ಎಲೆಕೋಸು, ಕುಂಬಳ, ಕಲ್ಲಂಗಡಿ ಹೆಚ್ಚುವ ಮನೆಗೆ 210 ಸಾಕಾಗುತ್ತದೆ. ದಿನಾ ಹತ್ತು ಜನಕ್ಕೆ ಅಡುಗೆ ಮಾಡುವವರು 240 ನೋಡಬಹುದು, ಮಣೆಯೂ ಅಷ್ಟು ದೊಡ್ಡದಿದ್ದರೆ.

*ಸಾಂತೊಕು*: ಮೂರು ಗುಣಗಳ ಚಾಕು ಎಂದರ್ಥ, ಮಾಂಸ, ಮೀನು, ತರಕಾರಿ ಮೂರಕ್ಕೂ ಆಗುತ್ತದೆ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. 165ರಿಂದ 180 ಮಿ.ಮೀ. ಬೆನ್ನು ತುದಿಯ ಹತ್ತಿರ ಕೆಳಕ್ಕೆ ಬಾಗಿರುತ್ತದೆ, ಬಾಯಿ ಗ್ಯೂತೋಗಿಂತ ಚಪ್ಪಟೆ. ಜಪಾನಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಚಿಕ್ಕ ಅಡುಗೆಮನೆ, ಚಿಕ್ಕ ಮಣೆ ಇದ್ದವರಿಗೆ ಇದಕ್ಕಿಂತ ಸುಲಭದ ಆಯ್ಕೆ ಇಲ್ಲ.

*ನಾಕಿರಿ*: ಸೊಪ್ಪು ತರಕಾರಿ ಹೆಚ್ಚುವ ಆಯತಾಕಾರದ ಚಾಕು, ಸುಮಾರು 165 ಮಿ.ಮೀ. ಬಾಯಿ ಬಹುತೇಕ ಚಪ್ಪಟೆ, ಅಲಗು ಎತ್ತರ. ತಳ್ಳುವ ಮತ್ತು ಇಳಿಸುವ ಕೈಗೆ ಹೇಳಿ ಮಾಡಿಸಿದ್ದು. ಹೆಚ್ಚಿದ್ದನ್ನು ಕೈಯಿಂದ ಅಲಗಿನ ಮೇಲೆ ಸರಿಸಿಕೊಂಡು ಬಾಣಲೆಗೆ ಸುರಿಯಬಹುದು. ತೂಗುವ ಕೈಗೆ ಮಾತ್ರ ಇದು ಶತ್ರು. ಚೂಪಾದ ತುದಿ ಇಲ್ಲದ್ದರಿಂದ ಟೊಮೇಟೊ ತೊಟ್ಟು ತೆಗೆಯಲು ಇನ್ನೊಂದು ಸಣ್ಣ ಚಾಕು ಬೇಕಾಗುತ್ತದೆ. ಆ ಕೆಲಸಕ್ಕೆ 120ರಿಂದ 150 ಮಿ.ಮೀ.ನ ಪೆಟ್ಟಿ ಎಂಬ ಕಿರಿಯ ಚಾಕು ಸಿಗುತ್ತದೆ.

*ಬುಂಕಾ*: ಸಾಂತೊಕುವಿನ ಅಣ್ಣನಂತಿದೆ. ತುದಿಯನ್ನು ಓರೆಯಾಗಿ ಕಡಿದಂತಿರುತ್ತದೆ. ನೋಡಲು ಚೆಂದ. ಆದರೆ ಆ ಮೊನೆ ಬಲು ತೆಳು. ಸಿಂಕಿಗೆ ಒಮ್ಮೆ ತಾಗಿದರೆ ಮುರಿಯುತ್ತದೆ.

ಎಚ್ಚರಿಕೆ: ಯಾನಾಗಿಬಾ, ದೇಬಾ, ಉಸುಬಾ ಎಂಬ ಹೆಸರುಗಳು ಕಂಡರೆ ಮೊದಲ ಚಾಕುವಾಗಿ ಕೊಳ್ಳಬೇಡಿ. ಇವು ಒಂದೇ ಪಕ್ಕದಿಂದ ಮಸೆದ ಚಾಕುಗಳು. ಒಂದು ಪಕ್ಕ ಇಳಿಜಾರು, ಇನ್ನೊಂದು ಪಕ್ಕ ಸ್ವಲ್ಪ ಒಳಗುಳಿ. ಯಾನಾಗಿಬಾ ಹಸಿಮೀನಿನ ತೆಳು ಹೋಳಿಗೆ, ದೇಬಾ ಮೀನು ಬಿಡಿಸಲು, ಉಸುಬಾ ವೃತ್ತಿಪರ ಬಾಣಸಿಗರ ತರಕಾರಿ ಕೆಲಸಕ್ಕೆ. ಮೂಲಂಗಿ ಹೆಚ್ಚಲು ಹೋದರೆ ಅಲಗು ಓರೆಯಾಗಿ ಎಳೆಯುತ್ತದೆ. ಮೇಲಾಗಿ ಸಾಮಾನ್ಯವಾಗಿ ಸಿಗುವವು ಬಲಗೈಯವರಿಗಾಗಿ ಮಾಡಿದವು, ಎಡಗೈಯವರದನ್ನು ಬೇರೆಯಾಗಿ ಕೇಳಿ ಹೆಚ್ಚು ಹಣ ಕೊಡಬೇಕು. ಉಸುಬಾ ಮತ್ತು ನಾಕಿರಿ ಎರಡೂ ಆಯತಾಕಾರದವೇ ಆದ್ದರಿಂದ ಫೋಟೊ ನೋಡಿ ಮೋಸ ಹೋಗುವವರು ಬಹಳ. "ಎರಡೂ ಪಕ್ಕ ಮಸೆದದ್ದೇ?" ಎಂದು ಕೇಳಿಯೇ ಮುಂದುವರಿಯಿರಿ.

3. ದಪ್ಪ: ಹೆಚ್ಚಿನವರು ನೋಡದೆ ಬಿಡುವ ಹಂತ

ಚಾಕುವಿನ ಹಿಮ್ಮಡಿಯನ್ನು ನಿಮ್ಮ ಕಣ್ಣಿನ ಕಡೆಗೆ ತಿರುಗಿಸಿ, ಬಾಯಿ ಕೆಳಗಿರಲಿ. ಬೆನ್ನಿನಿಂದ ಬಾಯಿಯವರೆಗೆ ಅಲಗು ಹೇಗೆ ಸಣ್ಣದಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಈ ಕೋನದ ಫೋಟೊ ಕೇಳಿ ತರಿಸಿಕೊಳ್ಳಿ. ಪಕ್ಕದಿಂದ ತೆಗೆದ ಹತ್ತು ಚೆಂದದ ಚಿತ್ರಗಳಿಗಿಂತ ಇದೊಂದು ಹೆಚ್ಚು ಹೇಳುತ್ತದೆ.

ನೋಡಬೇಕಾದ್ದು ಮೂರು.

ಬಾಯಿಯ ಹಿಂದಿನ ತೆಳುವು. ಅಳೆಯುವ ಕ್ಯಾಲಿಪರ್ ಇದ್ದರೆ ಬಾಯಿಯಿಂದ 5 ಮಿ.ಮೀ. ಮೇಲೆ ಅಳೆದು ನೋಡಿ. ತರಕಾರಿ ಚಾಕುವಿಗೆ ಅಲ್ಲಿ 1 ಮಿ.ಮೀ.ಗಿಂತ ಕಡಿಮೆ ಇರುವುದು ಒಳ್ಳೆಯದು. ಕ್ಯಾರೆಟ್ ಸೀಳುತ್ತದೋ ಹೋಳಾಗುತ್ತದೋ ತೀರ್ಮಾನವಾಗುವುದು ಈ ಜಾಗದಲ್ಲಿ.

ಬೆನ್ನಿನ ಇಳಿಕೆ. ಚಾಕುವನ್ನು ಮೇಲಿನಿಂದ ನೋಡಿದಾಗ ಬೆನ್ನು ಹಿಡಿಯ ಹತ್ತಿರ 3-4 ಮಿ.ಮೀ. ಇದ್ದು ತುದಿಗೆ ಬರುತ್ತಾ ಸಣ್ಣದಾಗಬೇಕು. ತುದಿಯವರೆಗೂ ಒಂದೇ ದಪ್ಪವಿದ್ದರೆ ಅದು ತಗಡು ಕತ್ತರಿಸಿ ಮಾಡಿದ ಲಕ್ಷಣ. ಅಂಥ ಚಾಕುವಿನಲ್ಲಿ ಈರುಳ್ಳಿಗೆ ಅಡ್ಡಗೆರೆ ಹಾಕಲು ಹೋದರೆ ತುದಿ ಸಿಕ್ಕಿಕೊಳ್ಳುತ್ತದೆ. ಬಡಿದು ಮಾಡಿದ ಅಲಗಿಗೆ ಕೊಡುವ ಹೆಚ್ಚಿನ ದುಡ್ಡು ಎಲ್ಲಿ ಹೋಯಿತು ಎಂದು ನೋಡಬೇಕಾದರೆ ಬೆನ್ನನ್ನೇ ನೋಡಬೇಕು.

ಪಕ್ಕದ ಉಬ್ಬು. ತೀರಾ ಚಪ್ಪಟೆ, ತೀರಾ ತೆಳು ಅಲಗು ಬೆಣ್ಣೆಯಂತೆ ಇಳಿಯುತ್ತದೆ, ಆದರೆ ಆಲೂಗಡ್ಡೆ ಅದಕ್ಕೆ ಅಂಟಿಕೊಂಡು ಮೇಲೇರುತ್ತದೆ. ಪಕ್ಕ ಸ್ವಲ್ಪ ಉಬ್ಬಿದ್ದರೆ ಹೋಳು ಕಳಚಿ ಬೀಳುತ್ತದೆ. ಎರಡೂ ಪೂರ್ತಿಯಾಗಿ ಒಂದೇ ಚಾಕುವಿನಲ್ಲಿ ಸಿಗುವುದಿಲ್ಲ. ನನಗೆ ಕೇಳಿದರೆ ಸಲೀಸಾಗಿ ಇಳಿಯುವುದನ್ನೇ ಆರಿಸಿಕೊಳ್ಳುತ್ತೇನೆ. ಅಂಟಿದ ಆಲೂಗಡ್ಡೆಯನ್ನು ಬೆರಳಿಂದ ತಳ್ಳಬಹುದು.

ಮೈಯ ಅಲಂಕಾರಕ್ಕೂ ಈ ಮೂರಕ್ಕೂ ಸಂಬಂಧವಿಲ್ಲ. ಕುಲುಮೆಯ ಕಪ್ಪು ಪದರ ಹಾಗೇ ಬಿಟ್ಟದ್ದು ಕುರೊಉಚಿ. ಪೇರ್ ಹಣ್ಣಿನ ಸಿಪ್ಪೆಯಂತೆ ತರಿತರಿ ಇದ್ದದ್ದು ನಾಶಿಜಿ. ಸುತ್ತಿಗೆ ಗುಳಿಗಳಿರುವುದು ತ್ಸುಚಿಮೆ. ಅಲೆ ಅಲೆಯ ಗೆರೆಗಳಿರುವುದು ಸುಮಿನಾಗಾಶಿ, ಅಂಗಡಿಗಳಲ್ಲಿ ಡಮಾಸ್ಕಸ್ ಎಂದು ಮಾರುತ್ತಾರೆ. ಈ ಗೆರೆಗಳು ಹೊರಗಿನ ಮೆತ್ತನೆಯ ಹೊದಿಕೆಯಲ್ಲಿರುತ್ತವೆ, ಕತ್ತರಿಸುವ ಉಕ್ಕು ಒಳಗಿನ ಒಂದೇ ಪದರ. ಅಂದಕ್ಕಾಗಿ ಕೊಳ್ಳುವುದಾದರೆ ಕೊಳ್ಳಿ, ಹರಿತಕ್ಕಾಗಿ ಎಂದುಕೊಳ್ಳಬೇಡಿ.

4. ಈಗ ಉಕ್ಕು

ಮೊದಲು ರಚನೆ. ಹೆಚ್ಚಿನ ಚಾಕುಗಳು ಸಾನ್ಮಾಯ್, ಅಂದರೆ ಮೂರು ಪದರ: ನಡುವೆ ಗಟ್ಟಿ ಉಕ್ಕು, ಎರಡೂ ಕಡೆ ಮೆತ್ತನೆಯ ಕಬ್ಬಿಣ ಅಥವಾ ತುಕ್ಕುರಹಿತ ಉಕ್ಕು. ಹೋಳಿಗೆಯಲ್ಲಿ ಹೂರಣ ಇದ್ದಂತೆ, ಆದರೆ ಇಲ್ಲಿ ಕೆಳಗಂಚಿನಲ್ಲಿ ಹೂರಣ ಹೊರಗೆ ಕಾಣುತ್ತದೆ, ಅದೇ ಬಾಯಿ. ಇಡೀ ಅಲಗನ್ನು ಒಂದೇ ಗಟ್ಟಿ ಉಕ್ಕಿನಿಂದ ಬಡಿದು, ಬಾಯಿಯನ್ನು ಮಾತ್ರ ಹೆಚ್ಚು ಗಡಸಾಗಿಸಿದ್ದು ಹೋನ್ಯಾಕಿ. ಅದು ದುಬಾರಿ, ಸುಲಭವಾಗಿ ಬಿರಿಯುತ್ತದೆ, ಮನೆಗೆ ಬೇಕಿಲ್ಲ.

ಗಡಸುತನವನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ, ಎಚ್‌ಆರ್‌ಸಿ ಎಂದು ಬರೆದಿರುತ್ತಾರೆ. ವಜ್ರದ ಮೊನೆಯನ್ನು ಲೋಹಕ್ಕೆ ಒತ್ತಿ ಎಷ್ಟು ಆಳ ಇಳಿಯಿತು ಎಂದು ನೋಡುವ ಪರೀಕ್ಷೆ ಇದು. ಜರ್ಮನ್ ಶೈಲಿಯ ಚಾಕುಗಳು ಸಾಮಾನ್ಯವಾಗಿ 54-58ರಲ್ಲಿರುತ್ತವೆ, ಜಪಾನಿನವು 60-65ರಲ್ಲಿ. ಸಂಖ್ಯೆ ಹೆಚ್ಚಾದಷ್ಟೂ ತೆಳು ಬಾಯಿ ಹೆಚ್ಚು ದಿನ ನಿಲ್ಲುತ್ತದೆ, ಜೊತೆಗೆ ಚಕ್ಕೆ ಏಳುವ ಭಯವೂ ಹೆಚ್ಚು. ಮೆತ್ತನೆಯ ಬಾಯಿ ಮಡಚಿಕೊಳ್ಳುತ್ತದೆ, ಗಟ್ಟಿ ಬಾಯಿ ಮುರಿಯುತ್ತದೆ.

ಇನ್ನು ಹೆಸರುಗಳು. ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿ ತಯಾರಾಗುವ ಉಕ್ಕುಗಳಿಗೆ ಬಣ್ಣದ ಹೆಸರಿದೆ. ಶಿರೋಗಾಮಿ ಎಂದರೆ ಬಿಳಿ ಕಾಗದ, ಅಓಗಾಮಿ ಎಂದರೆ ನೀಲಿ ಕಾಗದ. ಉಕ್ಕು ಬಿಳಿಯೂ ಅಲ್ಲ ನೀಲಿಯೂ ಅಲ್ಲ. ಪಟ್ಟಿಗೆ ಅಂಟಿಸುತ್ತಿದ್ದ ಚೀಟಿಯ ಬಣ್ಣ ಅದು. ಬಹುಕಾಲ ಹಿತಾಚಿ ಮೆಟಲ್ಸ್ ಎಂದಿದ್ದ ಆ ಕಂಪನಿ 2023ರಿಂದ ಪ್ರೊಟೀರಿಯಲ್ ಎಂಬ ಹೆಸರಿನಲ್ಲಿದೆ. ಹಾಗಾಗಿ ಹಳೆಯ ಪೆಟ್ಟಿಗೆಯಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ.

ಶಿರೋಗಾಮಿ 2ರಲ್ಲಿ ಇಂಗಾಲ 1.05-1.15 ಶೇಕಡ, ಶಿರೋಗಾಮಿ 1ರಲ್ಲಿ 1.25-1.35. ಕಬ್ಬಿಣ ಮತ್ತು ಇಂಗಾಲ ಬಿಟ್ಟರೆ ಬೇರೆ ಬೆರಕೆ ತೀರಾ ಕಡಿಮೆ. ಅದರಿಂದ ಸಾಣೆಕಲ್ಲಿನ ಮೇಲೆ ಇದರಷ್ಟು ಸುಲಭ ಮತ್ತೊಂದಿಲ್ಲ. ಹತ್ತು ನಿಮಿಷದಲ್ಲಿ ಕೂದಲು ಬೋಳಿಸುವಷ್ಟು ಹರಿತ ಬರುತ್ತದೆ. ತುಕ್ಕೂ ಅಷ್ಟೇ ಬೇಗ ಬರುತ್ತದೆ.

ಅಓಗಾಮಿ ಅದೇ ಬುನಾದಿಗೆ ಕ್ರೋಮಿಯಂ ಮತ್ತು ಟಂಗ್‌ಸ್ಟನ್ ಸೇರಿಸಿದ್ದು. ಹರಿತ ಹೆಚ್ಚು ದಿನ ಉಳಿಯುತ್ತದೆ, ಮಸೆಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಓಗಾಮಿ ಸೂಪರ್ ಎಂಬುದರಲ್ಲಿ ಇಂಗಾಲ 1.40-1.50 ಶೇಕಡ, ವನೇಡಿಯಂ ಕೂಡ ಸೇರಿರುತ್ತದೆ. ಸೇರಿಸಿದ ಕ್ರೋಮಿಯಂ ಅರ್ಧ ಶೇಕಡದ ಆಸುಪಾಸು ಮಾತ್ರ. ಹಾಗಾಗಿ "ಅಓಗಾಮಿಗೆ ತುಕ್ಕು ಹಿಡಿಯಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತುಕ್ಕುರಹಿತ ಕಡೆ ಬಂದರೆ ಗಿನ್ಸಾನ್, ಅಂದರೆ ಬೆಳ್ಳಿ 3. ಕ್ರೋಮಿಯಂ 13-14.5 ಶೇಕಡ, ಆದರೂ ಕಲ್ಲಿನ ಮೇಲೆ ಶಿರೋಗಾಮಿ, ಅಓಗಾಮಿಯಂಥ ಹಳೆಯ ಇಂಗಾಲದ ಉಕ್ಕಿನ ಹಾಗೇ ಅನಿಸುತ್ತದೆ. ವಿಜಿ-10 ಫುಕುಯಿ ಪ್ರಾಂತ್ಯದ ಎಚಿಜೆನ್‌ನಲ್ಲಿರುವ ತಾಕೆಫು ಸ್ಪೆಷಲ್ ಸ್ಟೀಲ್‌ನದು. ಸುಮಾರು 15 ಶೇಕಡ ಕ್ರೋಮಿಯಂ, ಸ್ವಲ್ಪ ಕೋಬಾಲ್ಟ್. ಹದ ಚೆನ್ನಾಗಿ ಹಾಕಿದ್ದರೆ ಒಳ್ಳೆಯದು, ಆದರೆ ಮಸೆಯುವಾಗ ಬಾಯಿಯಂಚಿನಲ್ಲಿ ಏಳುವ ಲೋಹದ ಸಣ್ಣ ಎಳೆ ಇದರಲ್ಲಿ ಹಟಮಾರಿ, ಬೇಗ ಕಳಚುವುದಿಲ್ಲ. ಎಸ್‌ಜಿ-2 ಪುಡಿಲೋಹದಿಂದ ಮಾಡಿದ ಉಕ್ಕು, 62-63 ಗಡಸು. ಹರಿತ ತಿಂಗಳುಗಟ್ಟಲೆ ನಿಲ್ಲುತ್ತದೆ, ಮೊಂಡಾದ ಮೇಲೆ ಕಲ್ಲಿನ ಮುಂದೆ ತಾಳ್ಮೆ ಬೇಕು.

ನಮ್ಮ ಅಡುಗೆಗೆ ಯಾವುದು? ಹುಣಸೆ, ನಿಂಬೆ, ಟೊಮೇಟೊದ ಹುಳಿ ಇಂಗಾಲದ ಉಕ್ಕನ್ನು ನಿಮಿಷಗಳಲ್ಲಿ ಬಣ್ಣಗೆಡಿಸುತ್ತದೆ. ಬಾಳೆಕಾಯಿ, ಬಾಳೆದಿಂಡು, ಬಾಳೆಹೂವಿನ ಒಗರು ಕಬ್ಬಿಣದ ಜೊತೆ ಸೇರಿ ಚಾಕುವನ್ನೂ ಹೋಳನ್ನೂ ಕಪ್ಪಾಗಿಸುತ್ತದೆ. ಕರಾವಳಿಯ ಮಳೆಗಾಲದ ತೇವ ಬೇರೆ. ಒರೆಸುವ ಅಭ್ಯಾಸ ಇಲ್ಲದ ಮನೆಗೆ, ಅಥವಾ ನಾಲ್ಕು ಜನ ಬಳಸುವ ಚಾಕುವಿಗೆ, ಗಿನ್ಸಾನ್ ಎಂದೇ ಹೇಳುತ್ತೇನೆ. ನೀವೊಬ್ಬರೇ ಬಳಸುತ್ತೀರಿ, ಮಸೆಯಲು ಕಲಿಯುವ ಆಸೆ ಇದೆ ಎಂದಾದರೆ ಶಿರೋಗಾಮಿ 2, ಅದೂ ಹೊರ ಹೊದಿಕೆ ತುಕ್ಕುರಹಿತ ಆಗಿರುವುದು. ಆಗ ಕೆಳಗಿನ ಸಣ್ಣ ಪಟ್ಟಿಯೊಂದನ್ನು ಮಾತ್ರ ನೋಡಿಕೊಂಡರೆ ಸಾಕು. ಹೊದಿಕೆಯೂ ಕಬ್ಬಿಣವೇ ಆದರೆ ಈರುಳ್ಳಿ ಹೆಚ್ಚಿದಾಗ ಮೊದಮೊದಲು ಕಬ್ಬಿಣದ ವಾಸನೆ ಬರುತ್ತದೆ.

ಇನ್ನೊಂದು ಮಾತು: ಒಂದೇ ಉಕ್ಕಿನ ಎರಡು ಚಾಕು ಬೇರೆ ಬೇರೆ ಕಮ್ಮಾರರ ಕೈಯಲ್ಲಿ ಬೇರೆಯೇ ಆಗುತ್ತವೆ. ಕಾಯಿಸಿ, ತಣಿಸಿ, ಮತ್ತೆ ಸ್ವಲ್ಪ ಕಾಯಿಸುವ ಹದ ಅವರವರದು. ಒಳ್ಳೆಯ ಹದದ ಶಿರೋಗಾಮಿ ಕೆಟ್ಟ ಹದದ ಎಸ್‌ಜಿ-2ಗಿಂತ ಎಷ್ಟೋ ಮೇಲು.

5. ಹಿಡಿ, ತೂಕ, ಕೈಗೆ ಸಿಗುವ ಅನುಭವ

ಜಪಾನಿ ಹಿಡಿ, ಅಂದರೆ ವಾ ಹಿಡಿ: ಎಂಟು ಮೂಲೆಯ ಅಥವಾ ಮೊಟ್ಟೆಯಾಕಾರದ ಹಗುರ ಮರ, ಅಲಗಿನ ಬಾಲವನ್ನು ಅದರೊಳಗೆ ತೂರಿಸಿರುತ್ತಾರೆ. ಹೋ ಎಂಬ ಮರ ಸಾಮಾನ್ಯ. ನಮ್ಮ ಸಂಪಿಗೆಯ ಕುಲದ್ದೇ. ಕುತ್ತಿಗೆಯಲ್ಲಿ ಎಮ್ಮೆಕೊಂಬಿನ ಪಟ್ಟಿ ಇರಬಹುದು, ಅದು ಬೇಡವೆನ್ನುವವರಿಗೆ ಮರದ್ದೇ ಪಟ್ಟಿ ಇರುವುದೂ ಸಿಗುತ್ತದೆ. ಪಾಶ್ಚಾತ್ಯ ಶೈಲಿಯ ಯೋ ಹಿಡಿಯಲ್ಲಿ ಎರಡು ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿರುತ್ತಾರೆ, ಅದು ಭಾರ.

210 ಮಿ.ಮೀ. ಗ್ಯೂತೋ ವಾ ಹಿಡಿಯಲ್ಲಿ ಸುಮಾರು 130-180 ಗ್ರಾಂ ತೂಗುತ್ತದೆ. ಮೊದಲ ಸಲ ಹಿಡಿದವರು "ಇದೇನು ಆಟದ ಸಾಮಾನೇ" ಎನ್ನುತ್ತಾರೆ. ಹಗುರವಾಗಿದ್ದರೆ ಕಳಪೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೋಲಿಸುವಾಗ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಮ್ಮಡಿಯ ಮೇಲೆ ಅಲಗನ್ನೇ ಚಿವುಟಿದಂತೆ ಹಿಡಿದು, ಉಳಿದ ಮೂರು ಬೆರಳು ಹಿಡಿಯ ಸುತ್ತ ಸಡಿಲವಾಗಿರಲಿ. ಈಗ ಮೂರು ಸಂಗತಿ ಗಮನಿಸಿ. ಬೆನ್ನಿನ ಅಂಚು ತೋರುಬೆರಳನ್ನು ಚುಚ್ಚುತ್ತದೆಯೇ? ಒಳ್ಳೆಯ ಕೆಲಸಗಾರ ಆ ಅಂಚನ್ನು ಉಜ್ಜಿ ಗುಂಡಗೆ ಮಾಡಿರುತ್ತಾನೆ. ಒಂದು ಬೆರಳಿನ ಮೇಲೆ ಚಾಕುವನ್ನು ಅಡ್ಡ ಇಟ್ಟರೆ ಎಲ್ಲಿ ಸಮ ತೂಗುತ್ತದೆ? ಚಿವುಟುವ ಜಾಗದಲ್ಲಿ ಅಥವಾ ಸ್ವಲ್ಪ ಮುಂದಿದ್ದರೆ ತಳ್ಳುವ ಕೈಗೆ ಹಿತ. ಹಿಮ್ಮಡಿ ಮಣೆಗೆ ತಾಗಿದಾಗ ಬೆರಳ ಗೆಣ್ಣು ಮಣೆಗೆ ಬಡಿಯುತ್ತದೆಯೇ? ಬಡಿದರೆ ಅಲಗಿನ ಎತ್ತರ ನಿಮ್ಮ ಕೈಗೆ ಸಾಲದು, ಬೇರೆ ನೋಡಿ.

6. ಎರಡು ಮೂರು ಚಾಕು ಅಕ್ಕಪಕ್ಕ ಇಟ್ಟು ಹೋಲಿಸುವ ವಿಧಾನ

ಗೆಳೆಯರ ಬಳಿ ಎರವಲು ಸಿಕ್ಕರೆ, ಅಥವಾ ಅಂಗಡಿಯಲ್ಲಿ ಹೆಚ್ಚಿ ನೋಡಲು ಬಿಟ್ಟರೆ, ಒಂದೇ ಕ್ರಮದಲ್ಲಿ ಮಾಡಿ. ಕಾಗದ ಕತ್ತರಿಸುವ ಆಟ ಬಿಡಿ. ಅದು ಇವತ್ತಿನ ಹರಿತವನ್ನು ತೋರಿಸುತ್ತದೆ, ಚಾಕುವನ್ನಲ್ಲ.

ದಪ್ಪ ಕ್ಯಾರೆಟ್‌ನ ಹಿಂಬದಿಯನ್ನು ನಿಧಾನವಾಗಿ ಹೆಚ್ಚಿ, ಕಿವಿಗೊಡಿ. ಕೊನೆಯಲ್ಲಿ ಬಿರಿದ ಸದ್ದು ಬಂದರೆ ಅಲಗು ದಪ್ಪ. ಈರುಳ್ಳಿಗೆ ಅಡ್ಡಗೆರೆ ಹಾಕಿ. ಪದರಗಳು ಜಾರಿದರೆ ತುದಿ ದಪ್ಪ. ಮಾಗಿದ ಟೊಮೇಟೊ ಮೇಲೆ ಅಲಗಿನ ಭಾರವಷ್ಟೇ ಇರಲಿ, ಒತ್ತಬೇಡಿ. ಸಿಪ್ಪೆಯನ್ನು ಕಚ್ಚುತ್ತದೆಯೇ ಜಾರುತ್ತದೆಯೇ ನೋಡಿ. ಆಲೂಗಡ್ಡೆ ಅಂಟುವುದನ್ನು ನೋಡಿ. ಕಡೆಗೆ ಒಂದು ಕಟ್ಟು ಕೊತ್ತಂಬರಿ ಹೆಚ್ಚಿ ಹತ್ತು ನಿಮಿಷ ಬಿಡಿ: ಅಂಚು ಕಪ್ಪಾದರೆ ಬಾಯಿ ಸೊಪ್ಪನ್ನು ಕತ್ತರಿಸದೆ ಜಜ್ಜಿದೆ.

ಉದಾಹರಣೆಗೆ ಹೀಗೆ ಮೂರು ಚಾಕು ನಿಮ್ಮ ಮುಂದಿವೆ ಎನ್ನಿ: 170ರ ಸಾಂತೊಕು ವಿಜಿ-10ರಲ್ಲಿ, 165ರ ಕಪ್ಪುಮೈ ನಾಕಿರಿ ಅಓಗಾಮಿ 2ರಲ್ಲಿ, 210ರ ಗ್ಯೂತೋ ಶಿರೋಗಾಮಿ 2ರಲ್ಲಿ. ಪಟ್ಟಿ ನೋಡಿದರೆ ಉಕ್ಕಿನ ಸ್ಪರ್ಧೆಯಂತೆ ಕಾಣುತ್ತದೆ. ಹೆಚ್ಚಲು ನಿಂತ ಮೇಲೆ ನೀವು ಗಮನಿಸುವುದೇ ಬೇರೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚುವಾಗ ನಾಕಿರಿಯ ಚಪ್ಪಟೆ ಬಾಯಿ ಗೆಲ್ಲುತ್ತದೆ. ಎಲೆಕೋಸಿನ ಅರ್ಧ ಹೋಳಿನ ಮುಂದೆ ಗ್ಯೂತೋದ ಉದ್ದ ಗೆಲ್ಲುತ್ತದೆ. ಒಲೆಯ ಮೇಲೆ ಸಾರು ಕುದಿಯುತ್ತಿದ್ದು, ನಿಂಬೆ ಹಿಂಡಿದ ಕೈಯಲ್ಲೇ ಚಾಕುವನ್ನು ಹಾಗೇ ಬಿಟ್ಟು ಓಡಿದ ದಿನ ಸಾಂತೊಕು ಗೆಲ್ಲುತ್ತದೆ. ಯಾವ ದಿನಗಳು ನಿಮ್ಮ ಮನೆಯಲ್ಲಿ ಹೆಚ್ಚು ಎಂದು ಲೆಕ್ಕ ಹಾಕಿ.

7. ಎಲ್ಲಿಂದ, ಯಾರಿಂದ

ಟೋಕಿಯೋದಲ್ಲಿ ಉಏನೊ ಮತ್ತು ಅಸಾಕುಸಾ ನಡುವಿನ ಕಪ್ಪಾಬಾಶಿ ಬೀದಿಯಲ್ಲಿ ಸುಮಾರು 800 ಮೀಟರ್ ಉದ್ದಕ್ಕೂ ಅಡುಗೆ ಸಾಮಾನಿನ ಅಂಗಡಿಗಳಿವೆ, ಚಾಕುವಿನವೂ ಹಲವು. ಒಸಾಕಾದಲ್ಲಾದರೆ ನಾಂಬಾ ಹತ್ತಿರದ ದೋಗುಯಾಸುಜಿ.

ಊರಿನ ಹೆಸರುಗಳಿಗೂ ಅರ್ಥವಿದೆ. ಸಾಕಾಯ್‌ನಲ್ಲಿ ಬಡಿಯುವವರು, ಮಸೆಯುವವರು, ಹಿಡಿ ಹಾಕುವವರು ಬೇರೆ ಬೇರೆ. ಚಾಕುವಿನ ಮೇಲಿನ ಹೆಸರು ಇವರಾರದ್ದೂ ಆಗಿರದೆ ವ್ಯಾಪಾರಿಯದ್ದಾಗಿರಬಹುದು. ಹಾಗಾಗಿ ಕಮ್ಮಾರ ಯಾರು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, ಮಸೆದವರು ಯಾರು ಎಂದೂ ಕೇಳಿ. ಮೂರನೇ ಹಂತದಲ್ಲಿ ಹೇಳಿದ ತೆಳುವು ಅವರ ಕೈಯದು. ಎಚಿಜೆನ್‌ನಲ್ಲಿ ಎರಡು ಅಲಗುಗಳನ್ನು ಒಂದರ ಮೇಲೊಂದಿಟ್ಟು ಬಡಿಯುವ ಪದ್ಧತಿ ಇದೆ. ಅಲ್ಲಿನ ಕೆಲಸಕ್ಕೆ 1979ರಲ್ಲಿ ಸಾಂಪ್ರದಾಯಿಕ ಕಸುಬು ಎಂಬ ಸರ್ಕಾರಿ ಮನ್ನಣೆ ಸಿಕ್ಕಿತು. ಕೋಚಿ ಪ್ರಾಂತ್ಯದ ತೋಸಾದಲ್ಲಿ ಕಪ್ಪುಮೈ ಚಾಕುಗಳು, ಒರಟು ಕೆಲಸ, ಕಡಿಮೆ ಬೆಲೆ. ಗಿಫುವಿನ ಸೆಕಿಯಲ್ಲಿ ಕಾರ್ಖಾನೆಗಳೇ ಹೆಚ್ಚು. ಕಾರ್ಖಾನೆಯ ಚಾಕು ಕೆಟ್ಟದ್ದೇನಲ್ಲ, ಕೈಕೆಲಸದ ಬೆಲೆ ಕೊಡಬೇಡಿ ಅಷ್ಟೆ.

ಅಂಗಡಿಯಲ್ಲಿ ಕೇಳದೆ ಚಾಕು ಎತ್ತಿಕೊಳ್ಳಬೇಡಿ. ಇಂಗಾಲದ ಅಲಗಿನ ಮೇಲೆ ಬೆರಳಿಟ್ಟರೆ ಬೆವರಿನ ಗುರುತಿನಲ್ಲೇ ತುಕ್ಕು ಹುಟ್ಟುತ್ತದೆ. ಕೊಂಡ ಮೇಲೆ ಪೊಟ್ಟಣ ಬಿಚ್ಚದೆ ಇಟ್ಟುಕೊಳ್ಳಿ. ಸಕಾರಣವಿಲ್ಲದೆ 6 ಸೆಂ.ಮೀ.ಗಿಂತ ಉದ್ದದ ಅಲಗು ಹೊತ್ತು ಓಡಾಡುವುದು ಜಪಾನಿನಲ್ಲಿ ಅಪರಾಧ. ವಿಮಾನದಲ್ಲಿ ಕೈಚೀಲಕ್ಕೆ ಹಾಕಲೇಬೇಡಿ, ಕೌಂಟರಿನಲ್ಲಿ ಕೊಟ್ಟು ಕಳಿಸುವ ಪೆಟ್ಟಿಗೆಯಲ್ಲೇ ಇರಲಿ.

8. ಮೊದಲ ಮೂರು ತಿಂಗಳು

ಜಪಾನಿನ ಚಾಕು ಹಾಳಾಗುವುದು ಹೆಚ್ಚಾಗಿ ಮೊದಲ ವಾರದಲ್ಲೇ, ಅದೂ ಒಂದು ಕ್ಷಣದ ಮರೆವಿನಲ್ಲಿ. ನನ್ನ ಮೊದಲ ನಾಕಿರಿಯ ಬಾಯಿ ಮುರಿದದ್ದು ಬೆಲ್ಲದ ಅಚ್ಚಿನ ಮೇಲೆ. ಈ ಪಟ್ಟಿಯನ್ನು ಮನೆಯವರಿಗೆಲ್ಲ ಓದಿ ಹೇಳಿ: ಬೆಲ್ಲ, ಒಣಕೊಬ್ಬರಿ, ತೆಂಗಿನ ಚಿಪ್ಪು, ಮಾವಿನ ಓಟೆ, ಮೂಳೆ, ಫ್ರೀಜರಿನಿಂದ ತೆಗೆದ ಯಾವುದೂ ಬೇಡ. ಸಿಹಿಗುಂಬಳಕ್ಕೆ ಅಲಗು ಇಳಿಸಿ ತಿರುಚಬೇಡಿ. ಸಿಕ್ಕಿಕೊಂಡರೆ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಹಲಸಿನಕಾಯಿಗೆ ಹಳೆಯ ಕತ್ತಿಯೇ ಸರಿ.

ಮಣೆ ಮರದ್ದಿರಲಿ. ಗಾಜು, ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ ಮೂರೂ ಬಾಯಿಯನ್ನು ತಿನ್ನುತ್ತವೆ. ಹೆಚ್ಚಿದ್ದನ್ನು ಬಾಯಿಯಿಂದ ಬಾಚಬೇಡಿ, ಚಾಕು ತಿರುವಿ ಬೆನ್ನಿನಿಂದ ಬಾಚಿ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬೇಡಿ.

ಇಂಗಾಲದ ಉಕ್ಕಾದರೆ ಪಕ್ಕದಲ್ಲಿ ಒಣ ಬಟ್ಟೆ ಇರಲಿ, ಹುಳಿ ಹೆಚ್ಚಿದಾಗಲೆಲ್ಲ ಒರೆಸಿ. ದಿನ ಕಳೆದಂತೆ ನೀಲಿ-ಬೂದು ಬಣ್ಣ ಏರುತ್ತದೆ. ಅದು ಕೊಳೆಯಲ್ಲ; ಅಲಗನ್ನು ಕೆಂಪು ತುಕ್ಕಿನಿಂದ ಒಂದಷ್ಟು ಕಾಯುವ ಪದರ. ಉಜ್ಜಿ ತೆಗೆಯಬೇಡಿ. ಕೆಂಪು ಚುಕ್ಕಿ ಕಂಡರೆ ಮಾತ್ರ ಅಡುಗೆ ಸೋಡಾ ಹಚ್ಚಿ ಮೆತ್ತಗೆ ಉಜ್ಜಿ. ವಾರಗಟ್ಟಲೆ ಊರಿಗೆ ಹೋಗುವಾಗ ಒಂದು ಹನಿ ಎಣ್ಣೆ ಸವರಿ. ಜಪಾನಿನಲ್ಲಿ ಕಮೇಲಿಯಾ ಬೀಜದ ಎಣ್ಣೆ ಹಚ್ಚುತ್ತಾರೆ, ತೆಳ್ಳಗೆ ಹಚ್ಚಿದರೆ ಕೊಬ್ಬರಿ ಎಣ್ಣೆಯೂ ಆಗುತ್ತದೆ.

ಮಸೆಯಲು ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೆ ಕೊಡಬೇಡಿ. ಒಣಚಕ್ರದ ಬಿಸಿಗೆ ತೆಳು ಬಾಯಿಯ ಹದ ಹೋಗುತ್ತದೆ. ಎಳೆದು ಮಸೆಯುವ ಅಗ್ಗದ ಸಾಧನವೂ ಬೇಡ, ಅದು ಗಟ್ಟಿ ಉಕ್ಕಿನ ಚಕ್ಕೆ ಎಬ್ಬಿಸುತ್ತದೆ. 1000 ಅಂಕದ ನೀರುಕಲ್ಲು (ನೀರು ಹಾಕಿ ಮಸೆಯುವ ಸಾಣೆಕಲ್ಲು; ಅಂಕ ಹೆಚ್ಚಾದಷ್ಟೂ ಕಲ್ಲು ನುಣುಪು) ಒಂದು ಸಾಕು, ಆಮೇಲೆ ಬೇಕೆನಿಸಿದರೆ 3000 ಅಥವಾ 6000. ಕೋನ ಪ್ರತಿ ಪಕ್ಕಕ್ಕೆ ಸುಮಾರು 15 ಡಿಗ್ರಿ. ಅಂದಾಜಿಗೆ ಹೀಗೆ ಲೆಕ್ಕ ಹಾಕಿ: ಅಲಗಿನ ಎತ್ತರ 48 ಮಿ.ಮೀ. ಇದ್ದರೆ ಬೆನ್ನು ಕಲ್ಲಿನಿಂದ 12 ಮಿ.ಮೀ. ಮೇಲಿರಬೇಕು, ಅಂದರೆ ಎತ್ತರದ ಕಾಲು ಭಾಗ. ಒಂದು ಪಕ್ಕ ಉದ್ದಕ್ಕೂ ಮಸೆದು, ಇನ್ನೊಂದು ಪಕ್ಕದಲ್ಲಿ ಲೋಹದ ಸಣ್ಣ ಎಳೆ ಬೆರಳಿಗೆ ತಗಲುವವರೆಗೆ ಪಕ್ಕ ಬದಲಿಸಬೇಡಿ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿ ನೋಡಬೇಕು, ಬಾಯಿಯ ಉದ್ದಕ್ಕೆ ಎಂದೂ ಸವರಬಾರದು. ಎರಡೂ ಪಕ್ಕ ಆದ ಮೇಲೆ ಒತ್ತಡ ಕಡಿಮೆ ಮಾಡುತ್ತಾ ಪಕ್ಕ ಬದಲಿಸಿ ಆ ಎಳೆಯನ್ನು ಕಳಚಿ. ಕಲ್ಲಿನ ನಡುಭಾಗ ಗುಳಿ ಬಿದ್ದಿದ್ದರೆ ಅದನ್ನು ಮೊದಲು ಮಟ್ಟ ಮಾಡಿಕೊಳ್ಳಿ, ಇಲ್ಲವಾದರೆ ನಾಕಿರಿಯ ಬಾಯಿ ಚಪ್ಪಟೆಯಾಗಿ ಉಳಿಯದೆ ಬೆಂಡೆಕಾಯಿ ಮತ್ತೆ ಮಾಲೆಯಾಗುತ್ತದೆ. ಕೆಲಸ ಮುಗಿದ ಮೇಲೆ ಕಲ್ಲನ್ನು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.